“ಸ್ವತ್ತಿಗೆ ಏನು ತಿಳಿಸಿದಿರಿ?”

ಅನುವಾದದ ಕೆಲಸಕ್ಕೆ ಇಳಿದ ಮೊದಲ ವರ್ಷದ ಮಾತು. ಶಿವಮೊಗ್ಗದ ವಕೀಲರೊಬ್ಬರು ಇಂಗ್ಲಿಷಿನಲ್ಲಿದ್ದ ಹಳೆಯ ಕ್ರಯಪತ್ರವೊಂದನ್ನು ಕನ್ನಡಕ್ಕೆ ಮಾಡಿಕೊಡಲು ಹೇಳಿದ್ದರು. ಅದರಲ್ಲಿ ‘ದಿ ಪ್ರಾಪರ್ಟಿ ಹಿಯರ್‌ಬೈ ಕನ್ವೇಡ್’ ಎಂದಿತ್ತು. ಕನ್ವೇ ಎಂದರೆ ತಿಳಿಸು ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವಳು ನಾನು. ಹಿಂದೆಮುಂದೆ ನೋಡದೆ ‘ಈ ಮೂಲಕ ತಿಳಿಸಲಾದ ಸ್ವತ್ತು’ ಎಂದು ಬರೆದುಕೊಟ್ಟೆ. ವಕೀಲರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಕೇಳಿದರು: “ಏನಮ್ಮಾ, ಸ್ವತ್ತಿಗೆ ಏನು ತಿಳಿಸಿದಿರಿ?”

ಟೈಪಿಸ್ಟ್ ಹುಡುಗ ಬಾಯಿ ಮುಚ್ಚಿಕೊಂಡು ನಕ್ಕ. ವಕೀಲರು ಮಾತ್ರ ನಗದೆ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಐದನೆಯ ಕಲಮನ್ನು ತೆಗೆದು ಮುಂದಿಟ್ಟರು. ಬದುಕಿರುವ ಒಬ್ಬ ವ್ಯಕ್ತಿ ಬದುಕಿರುವ ಇನ್ನೊಬ್ಬರಿಗೆ ಸ್ವತ್ತನ್ನು ‘ಕನ್ವೇ’ ಮಾಡುವುದೇ ವರ್ಗಾವಣೆ ಎಂದು ಅಲ್ಲಿದೆ. ಆ ಸಂಜೆ ನನ್ನ ಸಾಲನ್ನು ಹೊಡೆದುಹಾಕಿ, ನಮ್ಮ ಪತ್ರಬರಹಗಾರರು ಬರೆಯುವ ಹಾಗೆಯೇ ಬರೆದೆ: ‘ಷೆಡ್ಯೂಲು ಸ್ವತ್ತನ್ನು ನಿಮಗೆ ಶುದ್ಧ ಕ್ರಯಕ್ಕೆ ಕೊಟ್ಟು, ಈ ದಿವಸವೇ ನಿಮ್ಮ ಸ್ವಾಧೀನಕ್ಕೆ ಬಿಟ್ಟುಕೊಟ್ಟಿರುತ್ತೇನೆ.’

ಅವಮಾನ ಸಣ್ಣದೇ. ಆದರೆ ಆ ಕ್ರಿಯಾಪದ ನನ್ನ ತಲೆಯಿಂದ ಇಳಿಯಲಿಲ್ಲ. ನಿಘಂಟಿನಲ್ಲಿ ಅದರ ಹುಟ್ಟನ್ನು ಹುಡುಕಿದೆ. ಲ್ಯಾಟಿನ್ನಿನ ‘ವಿಯಾ’, ಅಂದರೆ ದಾರಿ, ಅದರ ಬೇರು. ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಾಗ ಅದಕ್ಕಿದ್ದ ಅರ್ಥ ದಾರಿಯಲ್ಲಿ ಜೊತೆಗೆ ಹೋಗಿ ಬಿಟ್ಟುಬರುವುದು. ಮಂತ್ರಿಗಳ ಹಿಂದೆಮುಂದೆ ಓಡುವ ಕಾನ್ವಾಯ್ ಇದೇ ಪದದ ಒಡಹುಟ್ಟು. ಗಣಿಯಲ್ಲಿ ಅದಿರು ಸಾಗಿಸುವ ಕನ್ವೇಯರ್ ಬೆಲ್ಟ್, ಸಂಬಳದ ಚೀಟಿಯಲ್ಲಿರುವ ಕನ್ವೇಯನ್ಸ್ ಭತ್ಯೆ, ಎಲ್ಲವೂ ಒಂದೇ ಮನೆಯವು. ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆಗೆ ಮುಟ್ಟಿಸುವುದು ಎಲ್ಲಕ್ಕೂ ಸಮಾನ.

ಮುಟ್ಟಿಸು! ‘ಈ ಮಾತನ್ನು ಅವರಿಗೆ ಮುಟ್ಟಿಸು’ ಎಂದು ನನ್ನ ಅಜ್ಜಿ ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆ ಪದ ಮನೆಯೊಳಗೇ ಇದ್ದರೂ ನಾನು ‘ತಿಳಿಸು’ವಿನ ಬೆನ್ನು ಹತ್ತಿದ್ದೆ.

ಅಲ್ಲಿಂದ ಒಂದು ನೋಟ್‌ಬುಕ್ ಇಟ್ಟು, ಪತ್ರಿಕೆಯಲ್ಲಿ, ಕಚೇರಿಯ ಪತ್ರಗಳಲ್ಲಿ ಕಂಡ ಕನ್ವೇ ವಾಕ್ಯಗಳನ್ನೆಲ್ಲ ಬರೆದುಕೊಳ್ಳತೊಡಗಿದೆ. ನಾಲ್ಕೈದು ಪುಟ ತುಂಬುವಷ್ಟರಲ್ಲಿ ನಮ್ಮವರು ಎಲ್ಲಿ ಎಡವುತ್ತಾರೆ ಎಂಬುದು ಕಣ್ಣಿಗೆ ಬಿತ್ತು. ಕನ್ನಡದ ‘ತಿಳಿಸು’ ಧಾರಾಳಿ. ‘ಅವರಿಗೆ ವಿಷಯ ತಿಳಿಸಿದೆ’ ಎಂದರೂ ಸರಿ, ‘ಅವರಿಗೆ ರಜೆಯ ಬಗ್ಗೆ ತಿಳಿಸಿದೆ’ ಎಂದರೂ ಸರಿ. ಇಂಗ್ಲಿಷ್ ಆ ಒಂದೇ ಕೆಲಸವನ್ನು ಇಬ್ಬರಿಗೆ ಹಂಚಿದೆ. ಇನ್ಫಾರ್ಮ್ ಹಿಡಿಯುವುದು ಆಳನ್ನು, ಕನ್ವೇ ಹಿಡಿಯುವುದು ಮಾತನ್ನು. ಹಾಗಾಗಿ ‘ಐ ಇನ್ಫಾರ್ಮ್ಡ್ ಹಿಮ್ ಅಬೌಟ್ ದಿ ಲೀವ್’ ನಡೆಯುತ್ತದೆ. ‘ಐ ಕನ್ವೇಡ್ ಹಿಮ್ ಅಬೌಟ್ ದಿ ಲೀವ್’ ಎಂದರೆ ಆ ಮನುಷ್ಯನನ್ನೇ ಎತ್ತಿಕೊಂಡು ಹೋದಂತಾಗುತ್ತದೆ. ‘ಐ ಕನ್ವೇಡ್ ದಿ ಮೆಸೇಜ್ ಟು ಹಿಮ್’ ಎನ್ನಬೇಕು. ಮೊದಲು ಸರಕು, ಆಮೇಲೆ ‘ಟು’, ಕೊನೆಗೆ ವಿಳಾಸದಾರ. ‘ಎಕ್ಸ್‌ಪ್ಲೇನ್ ಮೀ’ ಎಂಬ ನಮ್ಮ ಹಳೆಯ ಕಾಯಿಲೆಯ ಮೂಲವೂ ಇದೇ. ‘ನನಗೆ ವಿವರಿಸಿ’ ಎನ್ನುವಲ್ಲಿನ ‘ಗೆ’ ಪ್ರತ್ಯಯ ‘ಟು’ವನ್ನು ನುಂಗಿಬಿಡುತ್ತದೆ. ಟೆಲ್, ಗಿವ್, ಶೋ ಮುಂತಾದ ಸಣ್ಣ, ಹಳೆಯ ಪದಗಳು ‘ಮೀ’ಯನ್ನು ನೇರವಾಗಿ ಒಪ್ಪುತ್ತವೆ. ಲ್ಯಾಟಿನ್ ಕಡೆಯಿಂದ ಬಂದ ದೊಡ್ಡವರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ.

ಇಷ್ಟು ವ್ಯಾಕರಣವಾಯಿತು. ನನಗೆ ಹೆಚ್ಚು ಕಾಲ ಹಿಡಿದದ್ದು ಮನುಷ್ಯರಲ್ಲದ ಕರ್ತೃಗಳು. ದನಿ, ಮುಖ, ಬಣ್ಣ, ಮೌನ ಎಲ್ಲವೂ ಇಂಗ್ಲಿಷಿನಲ್ಲಿ ಕನ್ವೇ ಮಾಡುತ್ತವೆ. ‘ಹರ್ ವಾಯ್ಸ್ ಕನ್ವೇಡ್ ಆಂಗರ್’ ಎಂಬುದನ್ನು ಮೊದಲು ‘ಅವಳ ದನಿ ಕೋಪವನ್ನು ವ್ಯಕ್ತಪಡಿಸಿತು’ ಎಂದು ಬರೆಯುತ್ತಿದ್ದೆ. ತಪ್ಪೇನಿಲ್ಲ, ಆದರೆ ಹಾಗೆ ಮಾತನಾಡುವವರನ್ನು ನಾನು ಕಂಡಿಲ್ಲ. ‘ಅವಳ ದನಿಯಲ್ಲಿ ಸಿಟ್ಟಿತ್ತು.’ ಕ್ರಿಯಾಪದವೇ ಮಾಯ, ಅರ್ಥ ಮಾತ್ರ ಪೂರ್ತಿ ಉಳಿಯಿತು. ‘ಫೋಟೋ ಬರದ ತೀವ್ರತೆಯನ್ನು ಕನ್ವೇ ಮಾಡುವುದಿಲ್ಲ’ ಎಂಬರ್ಥದ ಸಾಲು ಬಂದಾಗ ‘ಫೋಟೋ ನೋಡಿದರೆ ಬರ ಎಷ್ಟೆಂಬ ಅಂದಾಜು ಸಿಗುವುದಿಲ್ಲ’ ಎಂದು ಬರೆದೆ. ಇಂಗ್ಲಿಷಿನ ಕರ್ತೃ ಕನ್ನಡದಲ್ಲಿ ಒಂದು ಮೂಲೆಗೆ ಸರಿದು ಕೂರುತ್ತದೆ; ಕೂರಲು ಬಿಡಬೇಕು.

ಇಂಪ್ಲೈ ಬೇರೆ ಜಾತಿಯದು. ಬಾಯಿಬಿಟ್ಟು ಹೇಳದೆ ಒಳಗೊಳಗೇ ಸೂಚಿಸುವುದಕ್ಕೆ ಅದು. ನಮ್ಮ ‘ಧ್ವನಿಸು’ ಅದರ ಹತ್ತಿರಕ್ಕೆ ಬರುತ್ತದೆ. ಕನ್ವೇ ಮಾಡಿದ ಮಾತು ಬಿಚ್ಚಿ ಹೇಳಿದ್ದೂ ಆಗಬಹುದು, ಮುಚ್ಚಿಟ್ಟದ್ದೂ ಆಗಬಹುದು.

ಈಗ ವಾರಕ್ಕೆರಡು ಸಂಜೆ ಇಂಗ್ಲಿಷ್ ಪತ್ರಲೇಖನ ಹೇಳಿಕೊಡುತ್ತೇನೆ. ಕಳೆದ ತಿಂಗಳು ಸಹಕಾರ ಬ್ಯಾಂಕಿನ ಗುಮಾಸ್ತೆಯೊಬ್ಬರು ಗೆಳತಿಗೆ ಬರೆದ ಪತ್ರ ತಂದಿದ್ದರು. ಕೊನೆಯ ಸಾಲು: ‘ಟೆಲ್ ಯುವರ್ ಮದರ್ ಐ ಆಸ್ಕ್ಡ್.’

“ಏನು ಕೇಳಿದಿರಿ?” ಎಂದೆ.

“ಏನೂ ಕೇಳಿಲ್ಲ ಮೇಡಂ. ಅಮ್ಮನನ್ನು ಕೇಳಿದೆ ಎಂದು ಹೇಳು, ಅಷ್ಟೇ.”

ಆ ‘ಅಷ್ಟೇ’ಯಲ್ಲಿರುವ ಅಕ್ಕರೆಗೆ ಇಂಗ್ಲಿಷಿನಲ್ಲಿ ತಕ್ಕ ಜಾಗವಿಲ್ಲ. ಬೇರೆ ದಾರಿ ಕಾಣದೆ ‘ಪ್ಲೀಸ್ ಕನ್ವೇ ಮೈ ರಿಗಾರ್ಡ್ಸ್ ಟು ಯುವರ್ ಮದರ್’ ಎಂದು ತಿದ್ದಿಕೊಟ್ಟೆ. ಅವರು ಎರಡು ಸಲ ಓದಿ, “ಇದು ನಮ್ಮ ಮ್ಯಾನೇಜರ್ ಬರೆದ ಹಾಗಿದೆ” ಎಂದರು. ಸುಳ್ಳಲ್ಲ. ಗೆಳತಿಯರ ನಡುವೆ ‘ಗಿವ್ ಯುವರ್ ಮದರ್ ಮೈ ಲವ್’ ಆದೀತು ಎಂದು ಇನ್ನೊಂದು ಸಾಲನ್ನೂ ಬರೆದುಕೊಟ್ಟೆ. ಅದನ್ನು ಓದಿ ನಾಚಿಕೊಂಡು, ಕೊನೆಗೆ ಮ್ಯಾನೇಜರ್ ಸಾಲನ್ನೇ ಇಟ್ಟುಕೊಂಡರು.