ಹಳೆಯ ಪದ್ಮಿನಿಗೆ ಹೊಸ ಅಲಾಯ್ ಚಕ್ರ: ಅಳತೆಯಿಂದ ಅಳವಡಿಕೆಯವರೆಗೆ

ಮುಂಬೈಯ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆಯಿಂದ 1964ರಲ್ಲಿ ಫಿಯಟ್ 1100 ಡಿಲೈಟ್ ಆಗಿ ಹೊರಬಂದು, ಎಪ್ಪತ್ತರ ದಶಕದಲ್ಲಿ ಪ್ರೀಮಿಯರ್ ಪದ್ಮಿನಿ ಎಂದು ಹೆಸರು ಬದಲಿಸಿಕೊಂಡ ಕಾರನ್ನು ನಮ್ಮ ಕಡೆ ಇಂದಿಗೂ ಬಹಳ ಮಂದಿ ‘ಫಿಯಟ್’ ಎಂದೇ ಕರೆಯುತ್ತಾರೆ. 1089 ಸಿ.ಸಿ. ಎಂಜಿನ್, ಸುಮಾರು 40 ಅಶ್ವಶಕ್ತಿ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್, ಪವರ್ ನೆರವಿಲ್ಲದ ಸ್ಟೀರಿಂಗ್: ಈ ಕಾರಿಗೆ ಯಾವ ಚಕ್ರ ಒಪ್ಪುತ್ತದೆ ಎಂಬುದನ್ನು ಅಂಗಡಿಯ ಗೋಡೆಯ ಮೇಲೆ ಹೊಳೆಯುವ ರಿಮ್ ಅಲ್ಲ, ಈ ನಾಲ್ಕು ಸಂಗತಿಗಳೇ ತೀರ್ಮಾನಿಸಬೇಕು. ಟಿಂಕರಿಂಗ್ ಮತ್ತು ಪೇಂಟ್ ಮುಗಿದು ಕಾರು ಮನೆಗೆ ಬಂದ ವಾರದಲ್ಲೇ ಅಲಾಯ್ (ಹಗುರ ಮಿಶ್ರಲೋಹದ ಚಕ್ರ) ಕೊಳ್ಳಲು ಹೊರಡುವವರಿಗೆ ನನ್ನ ಮೊದಲ ಸಲಹೆಯೆಂದರೆ, ಅದನ್ನು ಕಟ್ಟಕಡೆಯ ಕೆಲಸವಾಗಿ ಇಟ್ಟುಕೊಳ್ಳಿ ಮತ್ತು ಮಾಡುವ ಪ್ರತಿಯೊಂದು ಬದಲಾವಣೆಯನ್ನೂ ಒಂದು ದಿನದ ಕೆಲಸದಲ್ಲಿ ಹಿಂದಕ್ಕೆ ತೆಗೆಯಲು ಬರುವಂತೆ ಮಾಡಿ.

ಹಿಂದಕ್ಕೆ ತೆಗೆಯಲು ಬರಬೇಕು ಎನ್ನುವುದಕ್ಕೆ ಕಾನೂನಿನ ಕಾರಣವೂ ಇದೆ. ನೋಂದಣಿ ಪುಸ್ತಕದ ವಿವರಗಳು ತಯಾರಕರು ಮೂಲತಃ ನೀಡಿದ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯಿದೆಯ 52ನೇ ಕಲಂ ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿಯಿತು. 2021ರ ಜುಲೈಯಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ ಮತ್ತು ಚಾಸಿ, ಬಾಡಿ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡಾಗದೆ ಮೂಲ ರೂಪದಲ್ಲಿ ಉಳಿದ ಕಾರಿಗೆ ‘ವಿ.ಎ.’ ಅಕ್ಷರಗಳಿರುವ ಪ್ರತ್ಯೇಕ ನೋಂದಣಿ ಸಂಖ್ಯೆ ದೊರೆಯುತ್ತದೆ. 1974ರ ಪದ್ಮಿನಿಗಳು ಈಗಾಗಲೇ ಆ ವಯಸ್ಸನ್ನು ದಾಟಿವೆ. ಆದ್ದರಿಂದ ಮಡ್‌ಗಾರ್ಡ್ ಕತ್ತರಿಸಿ ಅಗಲ ಚಕ್ರ ಕೂರಿಸುವ ಕೆಲಸಕ್ಕೆ ಕೈಹಾಕಲೇಬೇಡಿ. ಚಕ್ರವನ್ನು ನಾಳೆ ಬದಲಿಸಬಹುದು, ಕತ್ತರಿಸಿದ ತಗಡನ್ನು ಮೊದಲಿನಂತೆ ಮಾಡಲಾಗದು.

ಅಳತೆಗೆ ಮುನ್ನ ಕಾರನ್ನು ಸಮತಟ್ಟಾದ ನೆಲದಲ್ಲಿ ಜಾಕ್ ಮೇಲೆತ್ತಿ, ಸ್ಟ್ಯಾಂಡ್‌ಗಳ ಮೇಲೆ ಭದ್ರವಾಗಿ ಕೂರಿಸಿ, ಮುಂದಿನ ಚಕ್ರವನ್ನು ಮೇಲೆ ಮತ್ತು ಕೆಳಗೆ ಹಿಡಿದು ಅಲುಗಿಸಿ ನೋಡಬೇಕು. ಆಟ (ಸಡಿಲ ಅಲುಗಾಟ) ಕಂಡುಬಂದರೆ ಸಹಾಯಕರೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೊಮ್ಮೆ ಅಲುಗಿಸಿ. ಆಗ ಆಟ ನಿಂತರೆ ದೋಷ ವೀಲ್ ಬೇರಿಂಗ್‌ನದು, ನಿಲ್ಲದಿದ್ದರೆ ಕಿಂಗ್ ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರ ಹೊರಳುವ ಕಂಬಿ) ಅಥವಾ ಅದರ ಬುಷ್ (ಪಿನ್ ಸುತ್ತಲಿನ ಲೋಹದ ಕೊಳವೆ) ಸವೆದಿದೆ ಎಂದು ತಿಳಿಯಬೇಕು. ಸವೆದ ಕಿಂಗ್ ಪಿನ್ ಮೇಲೆ ಹೊಸ ಅಲಾಯ್ ಕೂರಿಸುವುದು ಬಿರುಕುಬಿಟ್ಟ ಗೋಡೆಗೆ ಸುಣ್ಣ ಬಳಿದಂತೆ. ಪದ್ಮಿನಿಯ ಕಿಂಗ್ ಪಿನ್ ಕಿಟ್ ದುಬಾರಿಯದೇನಲ್ಲ, ಆದರೆ ಬುಷ್‌ಗಳನ್ನು ಪಿನ್‌ಗೆ ಸರಿಹೊಂದುವಂತೆ ರೀಮ್ ಮಾಡಿಸಲು ಕೈ ಪಳಗಿದ ಲೇತ್ ಕೆಲಸದವರೇ ಬೇಕು.

ಇನ್ನು ಚಕ್ರದ ಅಳತೆ. ಬೋಲ್ಟ್ ರಂಧ್ರಗಳ ಕೇಂದ್ರಗಳ ಮೂಲಕ ಎಳೆದ ವೃತ್ತದ ವ್ಯಾಸವನ್ನು ಪಿ.ಸಿ.ಡಿ. ಎನ್ನುತ್ತಾರೆ. ನಾಲ್ಕು ರಂಧ್ರಗಳ ಚಕ್ರದಲ್ಲಿ ಎದುರುಬದುರು ರಂಧ್ರಗಳ ಕೇಂದ್ರದಿಂದ ಕೇಂದ್ರಕ್ಕೆ ಇರುವ ದೂರವೇ ಪಿ.ಸಿ.ಡಿ. ಆದುದರಿಂದ ಕ್ಯಾಲಿಪರ್ ಹಿಡಿದು ಒಂದು ರಂಧ್ರದ ಒಳ ಅಂಚಿನಿಂದ ಎದುರಿನ ರಂಧ್ರದ ಹೊರ ಅಂಚಿಗೆ ಅಳೆದರೆ ಸಾಕು. ಈ ಅಳತೆಯನ್ನು ಯಾರ ಮಾತು ಕೇಳಿಯೂ ನಿರ್ಧರಿಸಬಾರದು. ಫಿಯಟ್ ಕಂಪನಿ ಯುನೊದಂಥ ಹಲವು ಕಾರುಗಳಲ್ಲಿ 98 ಮಿ.ಮೀ. ಬಳಸಿತ್ತು, ಇಂದಿನ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು 100 ಮಿ.ಮೀ. ಚಕ್ರ. ವ್ಯತ್ಯಾಸ ಎರಡೇ ಮಿಲಿಮೀಟರ್ ಆದುದರಿಂದ ಬಿಗಿಯುವಾಗ ಹೇಗೋ ಕೂರುತ್ತದೆ, ಅಪಾಯ ಇರುವುದೂ ಅಲ್ಲೇ. ನನ್ನ ಕಾರಿಗೆ ಮೊದಲ ಸಲ ಅಲಾಯ್ ಹಾಕಿಸಿದಾಗ ಅಂಗಡಿಯವರು ‘ಕೂತುಬಿಡುತ್ತದೆ ಸಾರ್’ ಎಂದು ಇಂಥ ಚಕ್ರವನ್ನೇ ಬಿಗಿದು ಕಳುಹಿಸಿದ್ದರು; ವೇಗ 60 ಕಿ.ಮೀ. ದಾಟಿದೊಡನೆ ಸ್ಟೀರಿಂಗ್ ನಡುಗಲು ಶುರುವಾಯಿತು, ಬಿಚ್ಚಿ ನೋಡಿದರೆ ನಾಲ್ಕು ಬೋಲ್ಟ್‌ಗಳೂ ಒಂದೇ ಬದಿಯಲ್ಲಿ ಸವೆದಿದ್ದವು.

ಚಕ್ರದ ನಡುವಿನ ರಂಧ್ರವೂ ಅಷ್ಟೇ ಮುಖ್ಯ. ಅದು ಹಬ್‌ನ, ಅಂದರೆ ಚಕ್ರವನ್ನು ಬಿಗಿಯುವ ತಿರುಗು ಭಾಗದ, ಉಬ್ಬಿಗಿಂತ ದೊಡ್ಡದಾಗಿದ್ದರೆ ಉಳಿಯುವ ಎಡೆಯನ್ನು ತುಂಬಲು ಸರಿಯಾದ ಅಳತೆಯ ಉಂಗುರವನ್ನು ಲೇತ್‌ನಲ್ಲಿ ಮಾಡಿಸಿಕೊಳ್ಳಬಹುದು. ಚಿಕ್ಕದಾಗಿದ್ದರೆ ಆ ಚಕ್ರವನ್ನು ಕೈಬಿಡುವುದೇ ಒಳಿತು. ಬೋಲ್ಟ್‌ಗಳ ವಿಷಯದಲ್ಲಿ ಎರಡು ಪರೀಕ್ಷೆಗಳಿವೆ. ಬೋಲ್ಟ್ ತಲೆಯ ಅಡಿಭಾಗ ಶಂಕುವಿನಂತಿದೆಯೋ ಗೋಳದಂತಿದೆಯೋ ನೋಡಿ, ಹೊಸ ಚಕ್ರದ ಕುಳಿಯೂ ಅದೇ ಆಕಾರದಲ್ಲಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಅಲಾಯ್ ಚಕ್ರದ ಮಧ್ಯಭಾಗ ಉಕ್ಕಿನ ಚಕ್ರಕ್ಕಿಂತ ದಪ್ಪವಾದ್ದರಿಂದ ಹಳೆಯ ಬೋಲ್ಟ್‌ನ ಉದ್ದ ಸಾಲುವುದಿಲ್ಲ. ಬೋಲ್ಟ್‌ನ ವ್ಯಾಸದಷ್ಟಾದರೂ ಉದ್ದದ ಮರೆ (ತಿರುಪಿನ ಸುರುಳಿ ಗೆರೆ) ಹಬ್‌ನೊಳಗೆ ಹೋಗಬೇಕು, ಅಂದರೆ 1.5 ಮಿ.ಮೀ. ಪಿಚ್‌ನ (ಒಂದು ಸುತ್ತಿಗೆ ಒಳಹೋಗುವ ದೂರ) 12 ಮಿ.ಮೀ. ಬೋಲ್ಟ್ ಕೈಯಲ್ಲಿ ತಿರುಗಿಸಿದಾಗ ಪೂರ್ತಿ ಎಂಟು ಸುತ್ತು ಹಿಡಿಯಬೇಕು.

ಆಫ್‌ಸೆಟ್ ಎಂಬುದು ಬಹಳಷ್ಟು ಮಂದಿ ಕಡೆಗಣಿಸುವ, ಆದರೆ ಕಾರಿನ ನಡತೆಯನ್ನೇ ಬದಲಿಸುವ ಅಳತೆ. ರಿಮ್ಮಿನ ಅಗಲದ ನಡುಗೆರೆಯಿಂದ ಹಬ್‌ಗೆ ತಾಗುವ ಮುಖ ಎಷ್ಟು ದೂರದಲ್ಲಿದೆ ಎಂಬುದನ್ನು ಅದು ಹೇಳುತ್ತದೆ. ಆಫ್‌ಸೆಟ್ ಕಡಿಮೆಯಾದಷ್ಟೂ ಚಕ್ರ ಹೊರಕ್ಕೆ ಬರುತ್ತದೆ. ನೋಡಲು ಗತ್ತಾಗಿ ಕಂಡರೂ ಟೈರು ನೆಲಕ್ಕೆ ತಾಗುವ ಜಾಗ ಕಿಂಗ್ ಪಿನ್‌ನ ರೇಖೆಯಿಂದ ದೂರ ಸರಿಯುವುದರಿಂದ ಸ್ಟೀರಿಂಗ್ ಭಾರವಾಗುತ್ತದೆ, ಪ್ರತಿಯೊಂದು ಗುಂಡಿಯೂ ಕೈಗೆ ಬಡಿಯುತ್ತದೆ ಮತ್ತು ಬೇರಿಂಗ್ ಬೇಗ ಹೋಗುತ್ತದೆ. ಆಫ್‌ಸೆಟ್ ಅದೇ ಇಟ್ಟು ರಿಮ್ಮನ್ನು ಒಂದು ಇಂಚು ಅಗಲ ಮಾಡಿದರೆ ಒಳಗೂ ಹೊರಗೂ ಸುಮಾರು 12.7 ಮಿ.ಮೀ. ಜಾಗ ಬೇಕಾಗುತ್ತದೆ, ಅಷ್ಟು ಜಾಗ ಹಿಂದೆ ಲೀಫ್ ಸ್ಪ್ರಿಂಗ್ ಬದಿಯಲ್ಲಿಯೂ ಮುಂದೆ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗಲೂ ಇದೆಯೇ ಎಂದು ನೋಡಿಕೊಳ್ಳಬೇಕು. ಹಬ್‌ಗೂ ಚಕ್ರಕ್ಕೂ ನಡುವೆ ಸ್ಪೇಸರ್ ಬಿಲ್ಲೆ ತೂರಿಸಿ ಸರಿಪಡಿಸುವ ಉಪಾಯವನ್ನು ನಾನು ಯಾರಿಗೂ ಹೇಳುವುದಿಲ್ಲ.

ಟೈರಿನ ಲೆಕ್ಕ ಸರಳ ಗಣಿತ. ಪದ್ಮಿನಿಯ ಮೂಲ 5.20-14 ಟೈರಿನ ಒಟ್ಟು ವ್ಯಾಸ ಸುಮಾರು 610 ಮಿ.ಮೀ. ಈಗಿನ 165/80 ಆರ್ 14 (165 ಮಿ.ಮೀ. ಅಗಲ, ಅದರ ಶೇ 80ರಷ್ಟು ಪಕ್ಕದ ಎತ್ತರ, 14 ಇಂಚಿನ ರಿಮ್) ಟೈರಿನದು 620 ಮಿ.ಮೀ., 155/80 ಆರ್ 14ರದು 604 ಮಿ.ಮೀ., 175/65 ಆರ್ 14ರದು 583 ಮಿ.ಮೀ. ಕೊನೆಯದನ್ನು ಹಾಕಿದರೆ ಮೀಟರ್ 60 ತೋರಿಸುವಾಗ ಕಾರು ಓಡುವುದು 57ರಲ್ಲಿ, ಎಂಜಿನ್ ಮಾತ್ರ ಹೆಚ್ಚು ಸುತ್ತಿ ದಣಿಯುತ್ತದೆ. 40 ಅಶ್ವಶಕ್ತಿಯ ಎಂಜಿನ್ನಿಗೂ ಪವರ್ ನೆರವಿಲ್ಲದ ಸ್ಟೀರಿಂಗ್‌ಗೂ 155 ಅಥವಾ 165 ಅಗಲ ಸಾಕೇ ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ. 13 ಇಂಚಿನ ರಿಮ್ ಒಳಗೆ ಬ್ರೇಕ್ ಡ್ರಮ್ ಹಿಡಿಸುವುದೇ ಅನುಮಾನ, 15 ಇಂಚಿನದು ಈ ಕಾರಿನ ದುಂಡು ಮಡ್‌ಗಾರ್ಡಿಗೆ ಎರವಲು ತಂದಂತೆ ಕಾಣುತ್ತದೆ. ಹಳೆಯ ಉಕ್ಕಿನ ರಿಮ್ಮನ್ನೇ ಉಳಿಸಿಕೊಂಡು ಈಗಿನ ರೇಡಿಯಲ್ ಟೈರು ಹಾಕುವವರು ಟ್ಯೂಬ್ ಬಳಸಲೇಬೇಕು, ಏಕೆಂದರೆ ಟ್ಯೂಬ್‌ಲೆಸ್ ಟೈರನ್ನು ತಿರುವಿನಲ್ಲಿ ಜಾರದಂತೆ ಹಿಡಿಯುವ ಉಬ್ಬು ಆ ಕಾಲದ ರಿಮ್‌ಗಳಲ್ಲಿಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕಂಕಿಯ ಸಂಖ್ಯೆಯನ್ನೂ ಓದಿ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

ಚಕ್ರದ ಜೊತೆಗೆ ಮಾಡಿಸುವ ಇತರ ಸುಧಾರಣೆಗಳಲ್ಲಿ ಬ್ರೇಕ್ ಮೊದಲನೆಯದು. ಡ್ರಮ್ ದುಂಡಗಿದ್ದು, ವೀಲ್ ಸಿಲಿಂಡರ್ ಸೋರದೆ, ಲೈನರ್ ಹೊಸದಾಗಿದ್ದರೆ ಊರೊಳಗಿನ ಓಡಾಟಕ್ಕೆ ಮೂಲ ಬ್ರೇಕ್ ಸಾಲುತ್ತದೆ. ಆಗುಂಬೆಯಂಥ ಘಾಟಿ ಇಳಿಯುವವರು ಮುಂದೆ ಡಿಸ್ಕ್ ಹಾಕಿಸಲು ಯೋಚಿಸಬಹುದು. ಆದರೆ ಮಾಸ್ಟರ್ ಸಿಲಿಂಡರ್‌ನಲ್ಲಿ ಡ್ರಮ್‌ಗೆಂದು ಇರುವ, ಪೈಪಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಹಾಗೆಯೇ ಉಳಿದರೆ ಡಿಸ್ಕ್ ಪ್ಯಾಡ್ ಸದಾ ಉಜ್ಜುತ್ತ ಕಾಯುತ್ತದೆ; ಈ ಮಾತನ್ನು ಗ್ಯಾರೇಜಿನವರಿಗೆ ನೀವೇ ನೆನಪಿಸಿ. ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ಕೂಡ ಜಾಗ ಬೇಡುವುದರಿಂದ ಡಿಸ್ಕ್ ಹಾಕಿಸುವ ತೀರ್ಮಾನ ಚಕ್ರ ಕೊಳ್ಳುವುದಕ್ಕಿಂತ ಮೊದಲೇ ಆಗಬೇಕು. ಎರಡನೆಯದು ಹೆಡ್‌ಲೈಟ್: ಹಳೆಯ ಸ್ವಿಚ್ಚಿನ ಮೂಲಕವೇ ಕರೆಂಟ್ ಹರಿಸಿದರೆ ಬೆಳಕು ಮಂಕಾಗಿ ಸ್ವಿಚ್ಚು ಬಿಸಿಯಾಗುತ್ತದೆ, ರಿಲೇ ಮತ್ತು ಫ್ಯೂಸ್ ಸೇರಿಸಿದರೆ ಒಂದು ತಂತಿಯನ್ನೂ ಕತ್ತರಿಸದೆ ಎರಡೂ ತೊಂದರೆ ತಪ್ಪುತ್ತವೆ. ಡೈನಮೊ ಇರುವ ಕಾರಿಗೆ ಆಲ್ಟರ್ನೇಟರ್ ಕೂರಿಸುವುದೂ ಒಳ್ಳೆಯದೇ.

ಅಳವಡಿಸುವ ದಿನ ಹಬ್‌ನ ಮುಖವನ್ನು ತಂತಿ ಬ್ರಷ್‌ನಿಂದ ತುಕ್ಕು ಹೋಗುವಂತೆ ಉಜ್ಜಿ, ಬೋಲ್ಟ್‌ನ ಮರೆಗೆ ಗ್ರೀಸ್ ಹಚ್ಚದೆ, ಮೊದಲು ಕೈಯಲ್ಲಿ ಎಲ್ಲವನ್ನೂ ತಿರುಗಿಸಿ, ಬಳಿಕ ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು; ಕಾರನ್ನು ನೆಲಕ್ಕಿಳಿಸಿದ ಮೇಲೆ ಚಕ್ರ ತಯಾರಕರು ಹೇಳಿದ ಬಿಗಿತಕ್ಕೆ ಟಾರ್ಕ್ ಸ್ಪಾನರ್ ಬಳಸಬೇಕೇ ಹೊರತು ಪೈಪು ಸೇರಿಸಿ ಒದೆಯಬಾರದು. ಬಳಿಕ ಮಡ್‌ಗಾರ್ಡಿನ ಒಳಗೆ ಟೈರಿಗೆ ಹತ್ತಿರವಿರುವ ಕಡೆಗಳಲ್ಲಿ ಜೇಡಿಮಣ್ಣಿನ ಉಂಡೆಗಳನ್ನು ಅಂಟಿಸಿ, ನಾಲ್ಕು ಜನರನ್ನು ಕೂರಿಸಿಕೊಂಡು ಖಾಲಿ ಮೈದಾನದಲ್ಲಿ ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ಓಡಿಸಿದರೆ ಎಲ್ಲಿ ಒತ್ತುತ್ತದೆ ಎಂಬುದನ್ನು ಮಣ್ಣೇ ತೋರಿಸುತ್ತದೆ. ಉಂಡೆ ಚಪ್ಪಟೆಯಾಗಿದ್ದರೆ ಆ ಚಕ್ರ ನಿಮ್ಮ ಕಾರಿನದಲ್ಲ. ಪರೀಕ್ಷೆ ದಾಟಿದ ಮೇಲೆ ಅಲೈನ್‌ಮೆಂಟ್ ಮಾಡಿಸಿ, 50ರಿಂದ 100 ಕಿ.ಮೀ. ಓಡಿದ ನಂತರ ಬೋಲ್ಟ್‌ಗಳ ಬಿಗಿತವನ್ನು ಮತ್ತೊಮ್ಮೆ ನೋಡಿ.

ಸ್ಟೆಪ್ನಿಯಾಗಿ ಹಳೆಯ ಉಕ್ಕಿನ ಚಕ್ರವನ್ನೇ ಇಟ್ಟುಕೊಂಡರೆ ಅದಕ್ಕೆ ಬೇಕಾದ ನಾಲ್ಕು ಗಿಡ್ಡ ಬೋಲ್ಟ್‌ಗಳನ್ನು ಡಿಕ್ಕಿಯಲ್ಲಿ ಬಟ್ಟೆ ಸುತ್ತಿ ಇಡಲು ಮರೆಯಬೇಡಿ. ಅಲಾಯ್‌ನ ಉದ್ದ ಬೋಲ್ಟ್ ಅದಕ್ಕೆ ಹಾಕಿದರೆ ಹಬ್‌ನ ಹಿಂದೆ ಇಣುಕಿ ಬ್ರೇಕ್ ಭಾಗಗಳಿಗೆ ತಾಗಬಹುದು. ಉಳಿದ ನಾಲ್ಕು ಮೂಲ ಚಕ್ರಗಳನ್ನು ತೊಳೆದು, ಪ್ರೈಮರ್ ಬಳಿದು, ಹಬ್‌ಕ್ಯಾಪ್‌ಗಳ ಸಮೇತ ಅಟ್ಟದ ಮೇಲೆ ಇಡಿ; ಗುಜರಿಯವರು ಬಾಗಿಲಿಗೆ ಬಂದು ಎಷ್ಟೇ ಬೆಲೆ ಹೇಳಿದರೂ ಕೊಡಬೇಡಿ.