ಐದು ಮೈಕ್ರೋಲೀಟರ್ ಮತ್ತು ಒಂದು ಕಳ್ಳ ಎಂಡೋಟಾಕ್ಸಿನ್

ನ್ಯುಮೋಲೈಸಿನ್ ಅಂದರೆ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ, ಜೀವಕೋಶದ ಪೊರೆಗೆ ರಂಧ್ರ ಕೊರೆಯುವ ಟಾಕ್ಸಿನ್ (ವಿಷ); ನಾವು ಅದನ್ನು ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ ತಯಾರಿಸುತ್ತೇವೆ. ಅದನ್ನು ಹಾಕಿದ ಇಲಿಯ ಮಧ್ಯಕಿವಿಯಲ್ಲಿ ಉರಿಯೂತ ಬಂತು ಅಂದರೆ ಸಾಕು, "ಅದು ನಿಮ್ಮ ಟಾಕ್ಸಿನ್ ಅಲ್ಲ, ಇ. ಕೋಲಿಯ ಎಂಡೋಟಾಕ್ಸಿನ್" ಅನ್ನುತ್ತಿದ್ದರು ನೋಡಿದವರು; ಅಂದರೆ ಆ ಬ್ಯಾಕ್ಟೀರಿಯಾದ ಹೊರಪೊರೆಯಿಂದ ಬಂದು ಬೆರೆತ, ತಾನೇ ಉರಿಯೂತ ತರುವ ಕಶ್ಮಲ. ಮೊದಲ ಎರಡು ಬ್ಯಾಚಿನ ಮಟ್ಟಿಗೆ ಅದು ನಿಜವೇ. ಹತ್ತು ನಿಮಿಷ ಕುದಿಸಿದ ಪ್ರೊಟೀನ್ ಕುರಿಯ ಕೆಂಪು ರಕ್ತಕಣ ಒಂದನ್ನೂ ಒಡೆಯಲಿಲ್ಲ. ಕಿವಿಯಲ್ಲಿ ಮಾತ್ರ ಉರಿಯೂತಕ್ಕೆ ಧಾವಿಸುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್‌ಗಳು ಮೊದಲಿನಷ್ಟೇ ಬಂದು ತುಂಬಿದವು. ಕುದಿತಕ್ಕೆ ನ್ಯುಮೋಲೈಸಿನ್ ಕೆಡುತ್ತದೆ, ಎಂಡೋಟಾಕ್ಸಿನ್ನಿನಲ್ಲಿ ಉರಿಯೂತ ಕೆರಳಿಸುವ ಭಾಗವಾದ ಲಿಪಿಡ್ ಎ ಜಗ್ಗುವುದಿಲ್ಲ.

ಎಂಡೋಟಾಕ್ಸಿನ್ ತೆಗೆಯಲು ಆಮೇಲೆ ಹಿಡಿದದ್ದು ಟ್ರೈಟಾನ್ ಎಕ್ಸ್-114 ಎಂಬ ಡಿಟರ್ಜೆಂಟ್. ಸುಮಾರು 2% ಬೆರೆಸಿ ಐಸಿನಲ್ಲಿ ಅರ್ಧ ಗಂಟೆ, 37 ಡಿಗ್ರಿಯಲ್ಲಿ ಐದಾರು ನಿಮಿಷ, ಬಿಸಿ ಆರುವ ಮೊದಲೇ ಸೆಂಟ್ರಿಫ್ಯೂಜ್. ಎಂಡೋಟಾಕ್ಸಿನ್ ಎಣ್ಣೆಯಂಥ ತಳಪದರಕ್ಕೆ ಇಳಿಯುತ್ತದೆ, ಮೇಲಿನದನ್ನು ಎತ್ತಿಕೊಳ್ಳಬೇಕು. ರೋಟರ್ ತಣ್ಣಗಿದ್ದರೆ ಎರಡೂ ಮತ್ತೆ ಬೆರೆಯುತ್ತವೆ. ಒಂದು ಇಡೀ ಬ್ಯಾಚ್ ಹಾಗೇ ನೀರುಪಾಲು. ನಾಲ್ಕು ಸುತ್ತಾದರೂ ಬೇಕು. ಉಳಿದ ಟ್ರೈಟಾನ್ ತಾನೇ ಜೀವಕೋಶ ಒಡೆಯುವುದರಿಂದ ಪಾಲಿಸ್ಟೈರೀನ್ ಮಣಿಗಳ ಮೇಲೆ ಹಾಯಿಸಿ ತೆಗೆಯಿರಿ. ಆಕ್ಸಿಡೀಕರಣ ತಡೆಯುವ ಡಿಟಿಟಿ ಮರೆತರೆ ಟಾಕ್ಸಿನ್ ಸಪ್ಪೆ. ಗಾಜಿನ ಸಾಮಾನಿಗೆ ಅಂಟಿದ ಎಂಡೋಟಾಕ್ಸಿನ್ ಕೆಡಿಸಲು 250 ಡಿಗ್ರಿ ಒಣಶಾಖ, ಅರ್ಧ ಗಂಟೆ. ಒತ್ತಡದ ಹಬೆಯ ಆಟೋಕ್ಲೇವ್ ನಂಬಿದರೆ ಕೆಟ್ಟಿರಿ. ದುಡ್ಡು ಕರಗಿದ್ದು ಇಲಿಗಳಿಗಲ್ಲ, ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಕಿಟ್‌ಗೆ: ಒಟ್ಟು ಖರ್ಚಿನ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು.

ಕಿವಿತಮಟೆಯ ಮೂಲಕ 5 ಮೈಕ್ರೋಲೀಟರ್ ಸಾಕು. ಹೆಚ್ಚಾದದ್ದು ಯುಸ್ಟೇಶಿಯನ್ ನಾಳದಿಂದ ಗಂಟಲಿಗೆ ಇಳಿದುಹೋಗುತ್ತದೆ, ಡೋಸ್ ಲೆಕ್ಕ ಸಿಗುವುದಿಲ್ಲ. ರಕ್ತ ಜಿನುಗಿದ ಕಿವಿಯನ್ನು ಲೆಕ್ಕದಿಂದ ಬಿಡಿ. ಬರೀ ಸಲೈನ್‌ಗೂ ಒಂದಿಷ್ಟು ನ್ಯೂಟ್ರೋಫಿಲ್ ಬರುವುದರಿಂದ ಮುಟ್ಟದ ಕಿವಿಯೊಡನೆ ಹೋಲಿಸಿ ಫಲವಿಲ್ಲ. ಸೂಜಿಯ ಓರೆ ಎಷ್ಟು, ಎಲ್ಲಿ ಚುಚ್ಚುತ್ತೇವೆ ಎಂಬುದು ನಮ್ಮಲ್ಲೇ ಇರಲಿ. ಹತ್ತರಲ್ಲಿ ಎಂಟೊಂಬತ್ತು ಕಿವಿ ರಕ್ತವಿಲ್ಲದೆ ಬರುತ್ತವೆ ಅಂತಷ್ಟೇ ಹೇಳುತ್ತೇವೆ.

"ಎಂಡೋಟಾಕ್ಸಿನ್ ಗುರುತಿಸುವ ಟಿಎಲ್ಆರ್4 ಗ್ರಾಹಕ ಕೆಟ್ಟಿರುವ ಸಿ3ಎಚ್/ಹೆಚ್‌ಇಜೆ ಇಲಿ ಬಳಸಿ, ಮುಗಿಯಿತು" ಎನ್ನುವವರಿದ್ದಾರೆ. ಮುಗಿಯುವುದಿಲ್ಲ: ನ್ಯುಮೋಲೈಸಿನ್ ಕೂಡ ಟಿಎಲ್ಆರ್4 ಅನ್ನೇ ಕೆಣಕುತ್ತದೆಂಬ ವಾದ ಇದೆ. ಟಾಕ್ಸಿನ್ನೋ ಎಂಡೋಟಾಕ್ಸಿನ್ನೋ ಎಂಬ ಜಗಳ ಬಗೆಹರಿದದ್ದು ಒಂದೇ ಅಮೈನೋ ಆಮ್ಲ ಬದಲಿಸಿ ವಿಷ ತಗ್ಗಿಸಿದ ನ್ಯುಮೋಲೈಸಿನ್, ಅಂದರೆ ಡಬ್ಲ್ಯೂ433ಎಫ್ ಟಾಕ್ಸಾಯ್ಡ್‌ನಿಂದ. ಅದೇ ಇ. ಕೋಲಿ, ಅದೇ ಶುದ್ಧೀಕರಣದ ಕಾಲಂ, ಅದೇ ನಾಲ್ಕು ಸುತ್ತು. ರಂಧ್ರ ಕೊರೆಯುವ ಶಕ್ತಿ ಮಾತ್ರ ಇಲ್ಲವೆನ್ನುವಷ್ಟು ಕಮ್ಮಿ. ಕಶ್ಮಲವೇ ಕಾರಣವಾಗಿದ್ದರೆ ಎರಡೂ ಕಿವಿ ಒಂದೇ ಥರ ಕೆಂಪಾಗಬೇಕಿತ್ತು. ಟಾಕ್ಸಾಯ್ಡ್ ಹಾಕಿದ್ದು 24 ಗಂಟೆಗೆ ಸಲೈನ್ ಕಿವಿಯ ಹತ್ತಿರ ಹತ್ತಿರ ನಿಂತಿತು, ಟಾಕ್ಸಿನ್ ಹಾಕಿದ್ದರಲ್ಲಿ ದ್ರವ ತುಂಬಿತ್ತು.

ಜೊತೆಗೊಂದು ಸಣ್ಣ ಕಿತಾಪತಿ: ಕಿವಿಸೋಂಕಿನ ಇನ್ನೊಂದು ಬ್ಯಾಕ್ಟೀರಿಯಾ ಹೀಮೋಫಿಲಸ್ ಅನ್ನು ಆಂಪಿಸಿಲಿನ್‌ನಲ್ಲಿ ಕೊಂದು, 0.22 ಮೈಕ್ರಾನ್‌ನಲ್ಲಿ ಸೋಸಿದ ದ್ರವವನ್ನು ಕಿವಿಗೆ ಹಾಕಿದೆವು. ಜೀವಂತ ಬ್ಯಾಕ್ಟೀರಿಯಾ ಒಂದೂ ಇಲ್ಲ, ಆದರೂ ಕಿವಿ ಸೋರಿತು. ಎಂಡೋಟಾಕ್ಸಿನ್ನನ್ನು ಕಟ್ಟಿಹಾಕುವ ಪಾಲಿಮಿಕ್ಸಿನ್ ಬಿ ಬೆರೆಸಿದರೆ ತಗ್ಗಿತು, ಪೂರ್ತಿ ಹೋಗಲಿಲ್ಲ. ಟಿಎಲ್ಆರ್2 ಎಂಬ ಇನ್ನೊಂದು ಗ್ರಾಹಕ ಹಿಡಿಯುವ, ಹೀಮೋಫಿಲಸ್ ಹೊರಪೊರೆಯ ಪಿ6 ಲಿಪೋಪ್ರೊಟೀನ್ ಮೇಲೆ ನಮ್ಮ ಗುಮಾನಿ. ಪಾಲಿಮಿಕ್ಸಿನ್ ತಾನೂ ಕಿವಿಗೆ ವಿಷವೇ, ಅದೊಂದನ್ನೇ ಹಾಕಿದ ಕಂಟ್ರೋಲ್ ಬಿಡಬೇಡಿ.