ಮೈಕ್ ಕೊಳ್ಳುವ ಮೊದಲು ಕವಿತೆಯ ಹಕ್ಕು: ಮನೆಯಲ್ಲೇ ಆಲ್ಬಮ್ ಮಾಡಿ ಬಿಡುಗಡೆ ಮಾಡುವ ಬಗೆ

ಏಳೆಂಟು ಭಾವಗೀತೆಗಳಿಗೆ ತಾವೇ ರಾಗ ಹಾಕಿ, ಯಾವ ಕಂಪನಿಯ ಹಂಗೂ ಇಲ್ಲದೆ ಹೊರತರುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಮೈಕ್. ಅದಕ್ಕೂ ಮುಂಚೆ ಕವಿತೆಯ ಹಕ್ಕು ಯಾರದೆಂದು ನೋಡಿ. ರೆಕಾರ್ಡಿಂಗ್ ಕೆಟ್ಟರೆ ಮತ್ತೆ ಹಾಡಬಹುದು. ಒಪ್ಪಿಗೆಯಿಲ್ಲದ ಒಂದು ಹಾಡಿಗೆ ತಕರಾರು ಬಂದರೆ ಇಡೀ ಆಲ್ಬಮ್ಮೇ ಕೆಳಗಿಳಿಯಬಹುದು.

1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೆಕ್ಕ ಸರಳವಾಗಿದೆ: ಕವಿ ತೀರಿಕೊಂಡ ಮರುವರ್ಷದ ಜನವರಿಯಿಂದ 60 ವರ್ಷ. ಪಂಜೆ ಮಂಗೇಶರಾಯರು ತೀರಿಕೊಂಡದ್ದು 1937ರಲ್ಲಿ, ಬಿಎಂಶ್ರೀ 1946ರಲ್ಲಿ. ಅವರು ಬದುಕಿದ್ದಾಗ ಪ್ರಕಟವಾದ ಪದ್ಯಗಳನ್ನು ಯಾರನ್ನೂ ಕೇಳದೆ ಹಾಡಬಹುದು. ಬೇಂದ್ರೆಯವರ (1981) ಕವಿತೆಗಳಿಗೆ 2041ರ ಕೊನೆಯವರೆಗೆ, ಕುವೆಂಪು ಅವರ (1994) ಕವಿತೆಗಳಿಗೆ 2054ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ವಚನ, ದಾಸರ ಪದಗಳ ಸಾಹಿತ್ಯ ಎಲ್ಲರದು. ಆದರೆ ಅವಕ್ಕೆ ಈಚಿನ ಸಂಯೋಜಕರು ಹಾಕಿದ ಧಾಟಿ ಆ ಸಂಯೋಜಕರದೇ. ಹೆಚ್ಚಿನವರು ಎಡವುವುದು ಇಲ್ಲಿ: ಚಿಕ್ಕಂದಿನಿಂದ ಕೇಳಿದ ಧಾಟಿಯನ್ನು ಸಾಂಪ್ರದಾಯಿಕ ಎಂದುಕೊಂಡುಬಿಡುತ್ತಾರೆ.

ಒಪ್ಪಿಗೆ ಬರಹದಲ್ಲಿರಲಿ. ಕವಿತೆಯ ಹೆಸರು, ಬಳಸುವ ಸಾಲುಗಳು, ಸ್ಟ್ರೀಮಿಂಗ್ ಮತ್ತು ವಿಡಿಯೊ ಎರಡಕ್ಕೂ ಅನುಮತಿ, ಎಷ್ಟು ವರ್ಷ, ಎಷ್ಟು ಗೌರವಧನ ಅಥವಾ ಪಾಲು ಎಂಬ ಐದು ವಿಷಯ ಒಂದೇ ಪುಟದಲ್ಲಿ ಹಿಡಿಸುತ್ತವೆ. "ಹಾಡಿಕೊಳ್ಳಿ, ಅದಕ್ಕೇನಂತೆ" ಎಂಬ ಫೋನಿನ ಮಾತು ನಾಳೆ ನೆರವಿಗೆ ಬರುವುದಿಲ್ಲ. ತಬಲ, ಕೊಳಲು ನುಡಿಸಿದವರಿಂದಲೂ ಹೀಗೇ ಒಂದು ಪತ್ರ ಬರೆಸಿಕೊಳ್ಳಿ. ಹಳೆಯ ಧ್ವನಿಮುದ್ರಿಕೆಯ ಹಾಡನ್ನೇ ಕವರ್ ಮಾಡಲು, ಅಂದರೆ ನಾವೇ ಹೊಸದಾಗಿ ಹಾಡಿ ಮುದ್ರಿಸಲು, ಕಾಯ್ದೆಯ 31ಸಿ ಸೆಕ್ಷನ್ ದಾರಿ ಬಿಟ್ಟಿದೆಯಾದರೂ, ಮೂಲ ಮುದ್ರಣದ ವರ್ಷ ಮುಗಿದು ಐದು ವರ್ಷ ಆಗಿರಬೇಕು, ಕನಿಷ್ಠ 50,000 ಪ್ರತಿಗಳ ರಾಯಧನ ಕಟ್ಟಬೇಕು. ಮನೆಯಿಂದ ಆಲ್ಬಮ್ ಮಾಡುವವರಿಗೆ ಅದು ಎಟುಕದ ದಾರಿ. ನೇರವಾಗಿ ಕೇಳಿ ಲೈಸೆನ್ಸ್ ಪಡೆಯುವುದೇ ಮೇಲು.

ಇನ್ನು ಸಾಮಾನು. ಎರಡು ಇನ್‌ಪುಟ್ಟಿನ ಆಡಿಯೊ ಇಂಟರ್‌ಫೇಸ್ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ), ಒಂದು ಕಂಡೆನ್ಸರ್ ಮೈಕ್, ಎಕ್ಸ್‌ಎಲ್‌ಆರ್ ಕೇಬಲ್, ಸ್ಟ್ಯಾಂಡ್, ಪಾಪ್ ಫಿಲ್ಟರ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಸಾಕು. ಕಂಡೆನ್ಸರ್ ಮೈಕಿಗೆ ವಿದ್ಯುತ್ ಬೇಕು, ಅದಕ್ಕೆ ಇಂಟರ್‌ಫೇಸಿನ 48 ವೋಲ್ಟ್ ಬಟನ್ ಒತ್ತಬೇಕು, ಇಲ್ಲದಿದ್ದರೆ ಅದು ಮೂಕ. ರೆಕಾರ್ಡ್ ಮಾಡುವ ಸಾಫ್ಟ್‌ವೇರ್ ರೀಪರ್ ಆಗಬಹುದು: 60 ದಿನ ಉಚಿತವಾಗಿ ಬಳಸಿ ನೋಡಬಹುದು, ಆಮೇಲೆ ವೈಯಕ್ತಿಕ ಬಳಕೆಯ ಲೈಸೆನ್ಸ್ 60 ಡಾಲರ್.

ದುಡ್ಡು ಉಳಿದರೆ ಮೈಕಿಗೆ ಸುರಿಯಬೇಡಿ, ಕೋಣೆಗೆ ಹಾಕಿ. ಬೋಳು ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ದುಬಾರಿ ಮೈಕ್ ಗೋಡೆಯಿಂದ ಮರಳುವ ಸದ್ದನ್ನೂ ಅಷ್ಟೇ ಚೆನ್ನಾಗಿ ಹಿಡಿಯುತ್ತದೆ. ಮೈಕ್ ನೋಡುವುದು ಹಾಡುವವರ ಕಡೆಗೆ, ಆದ್ದರಿಂದ ಅವರ ಬೆನ್ನ ಹಿಂದೆ ಮತ್ತು ಎರಡೂ ಪಕ್ಕ ಹತ್ತಿ ಹಾಸಿಗೆ ನಿಲ್ಲಿಸಿ, ಕೆಳಗೆ ಜಮಖಾನ ಹಾಸಿ. ಮೊಟ್ಟೆ ಟ್ರೇ ಅಂಟಿಸುವ ಶ್ರಮ ಬೇಡ. ಅಷ್ಟು ತೆಳು ರಟ್ಟು ಮಂದ್ರದ ಗುಂಯ್‌ಗುಡುವಿಕೆಯನ್ನು ತಡೆಯಲಾರದು. ಫ್ಯಾನ್, ಫ್ರಿಜ್ ಆರಿಸಿ. ಫ್ರಿಜ್ ಮತ್ತೆ ಹಾಕಲು ಮರೆಯದಿರಲು ಗಾಡಿಯ ಕೀಯನ್ನು ಅದರೊಳಗೇ ಇಡುವುದು ಒಳ್ಳೆಯ ಉಪಾಯ.

ಒಂದೇ ಸಮನೆ ಗುಂಗುಡುವ ಸದ್ದು ಕೇಳಿದರೆ ಅದು 50 ಹರ್ಟ್ಸ್ ಕರೆಂಟಿನದು. ಹಳೆಯ ಮನೆಗಳಲ್ಲಿ ಅರ್ತಿಂಗ್ ಸರಿ ಇರುವುದಿಲ್ಲ. ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿ. ಸದ್ದು ನಿಂತರೆ ಕಾರಣ ಅದೇ. ಪ್ಲಗ್ಗಿನ ಅರ್ತ್ ಪಿನ್ ಮುರಿಯುವ ಜಾಣತನ ಬೇಡ, ಅದು ಜೀವಕ್ಕೇ ಅಪಾಯ.

ಸಾಫ್ಟ್‌ವೇರಿನ ರೆಕಾರ್ಡಿಂಗ್ ಸೆಟ್ಟಿಂಗನ್ನು ಎಲ್ಲ ಹಾಡಿಗೂ 24 ಬಿಟ್, 48 ಕಿಲೋಹರ್ಟ್ಸ್ ಇಡಿ. ಒಂದೆಡೆ 48, ಇನ್ನೊಂದೆಡೆ 44.1 ಆಗಿ ಕಡತ ಪರಿವರ್ತನೆಯಿಲ್ಲದೆ ಓಡಿದರೆ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಜಾರುತ್ತದೆ, ಕಾಲವೂ ಬದಲಾಗುತ್ತದೆ. ಗಾಯಕರು ಮೈಕಿಗೆ ಒಂದು ಗೇಣು ದೂರ ನಿಂತು ಹಾಡಿನ ಅತಿ ಜೋರಿನ ತಾರಸ್ಥಾಯಿ ಸಾಲನ್ನು ಹಾಡಲಿ. ಮೀಟರ್ ಮೈನಸ್ 10 ಡೆಸಿಬೆಲ್ ಹತ್ತಿರ ನಿಲ್ಲುವಂತೆ ಇಂಟರ್‌ಫೇಸಿನ ಗೇನ್ (ಮೈಕಿನ ಸದ್ದು ಏರಿಸಿ ಇಳಿಸುವ ಗುಬ್ಬಿ) ತಿರುಗಿಸಿ. ಸದ್ದು ಮಿತಿ ಮೀರಿ ಕೆಂಪು ದೀಪ ಹೊತ್ತಿದ ಟೇಕ್ (ಒಂದು ಸಲದ ಹಾಡಿಕೆ) ಎಷ್ಟು ಭಾವಪೂರ್ಣವಾಗಿದ್ದರೂ ಕೆಲಸಕ್ಕೆ ಬಾರದು. ತಂಬೂರಿ ಬೇರೆ ಟ್ರ್ಯಾಕಿನಲ್ಲಿರಲಿ, ಹಾಡುವಾಗ ಹೆಡ್‌ಫೋನಿನಲ್ಲೇ ಕೇಳಲಿ. ಸ್ಪೀಕರಿನಿಂದ ಅದು ಮೈಕಿಗೆ ಸೋರಿದರೆ ಎರಡು ಟೇಕ್ ಸೇರಿಸುವ ಕಡೆ ತಂಬೂರಿಯ ಮೀಟು ತುಂಡಾಗಿ ಕೇಳುತ್ತದೆ.

ಮಿಕ್ಸ್ ಆದ ಮೇಲೆ ಫೋನಿನ ಸ್ಪೀಕರಿನಲ್ಲೂ ಕಾರಿನಲ್ಲೂ ಕೇಳಿ. ಮಾಸ್ಟರನ್ನು (ಬಿಡುಗಡೆಗೆ ಸಿದ್ಧವಾದ ಅಂತಿಮ ಕಡತವನ್ನು) ಮೈನಸ್ 14 ಲಫ್ಸ್ (ಒಟ್ಟಾರೆ ಜೋರಿನ ಅಳತೆ) ಆಸುಪಾಸಿನಲ್ಲಿ, ಟ್ರೂ ಪೀಕ್ (ಸದ್ದಿನ ಅತಿ ಎತ್ತರದ ಮಟ್ಟ) ಮೈನಸ್ 1 ಡೆಸಿಬೆಲ್ ದಾಟದಂತೆ ಇಡಿ. ಅದಕ್ಕಿಂತ ಜೋರು ಮಾಡಿದರೆ ಸ್ಪಾಟಿಫೈ, ಯೂಟ್ಯೂಬ್ ತಾವೇ ತಗ್ಗಿಸುತ್ತವೆ. ಆದರೆ ನೀವು ಹಿಂಡಿ ಕಳೆದ ಗಮಕದ ಏರಿಳಿತ ಮರಳುವುದಿಲ್ಲ.

ಬಿಡುಗಡೆಗೆ ಡಿಸ್ಟ್ರಿಬ್ಯೂಟರ್, ಅಂದರೆ ಹಾಡನ್ನು ಸ್ಟ್ರೀಮಿಂಗ್ ತಾಣಗಳಿಗೆ ತಲುಪಿಸುವ ಸೇವೆ, ಬೇಕು. ಡಿಸ್ಟ್ರೊಕಿಡ್ ವರ್ಷದ ಚಂದಾ ಪಡೆಯುತ್ತದೆ. ಕಟ್ಟುವುದು ನಿಲ್ಲಿಸಿದರೆ, ಹೆಚ್ಚುವರಿ ಹಣ ಕೊಟ್ಟು ಉಳಿಸಿಕೊಳ್ಳದ ಹಾಡುಗಳು ತೆಗೆದುಹಾಕಲ್ಪಡಬಹುದು. ಸಿಡಿ ಬೇಬಿ ಒಮ್ಮೆ ಶುಲ್ಕ ಪಡೆದು ಗಳಿಕೆಯಲ್ಲಿ ಶೇ 9 ಹಿಡಿಯುತ್ತದೆ. ವರ್ಷಕ್ಕೊಂದು ಆಲ್ಬಮ್ಮೂ ಮಾಡದವರಿಗೆ ಎರಡನೆಯದೇ ನೆಮ್ಮದಿ.

ಅಪ್‌ಲೋಡ್ ಮಾಡುವಾಗ ಕೆಡುವುದು ಹೆಚ್ಚಾಗಿ ಹೆಸರುಗಳಲ್ಲಿ. ಗಾಯಕರ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದಕ್ಷರ ಬದಲಾದರೂ ಇನ್ನೊಂದು ಪ್ರೊಫೈಲ್ ಹುಟ್ಟಿಕೊಳ್ಳುತ್ತದೆ, ಅಥವಾ ನಿಮ್ಮ ಹಾಡು ಅದೇ ಹೆಸರಿನ ಬೇರೆಯವರ ಪುಟಕ್ಕೆ ಹೋಗಿ ಕೂರುತ್ತದೆ. ಒಂದೇ ಕಾಗುಣಿತ ಗೊತ್ತುಮಾಡಿ ಒಂದು ಶೀಟಿನಲ್ಲಿ ಬರೆದಿಡಿ. ಕವಿ, ಸಂಯೋಜಕ, ವಾದಕರ ಪೂರ್ಣ ಹೆಸರು, ಪ್ರತಿ ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರಗಳ ಐಎಸ್‌ಆರ್‌ಸಿ ಸಂಖ್ಯೆಯೂ ಅಲ್ಲೇ ಇರಲಿ. ಮೊದಲೊಂದು ಹಾಡನ್ನು ಸಿಂಗಲ್ ಆಗಿ ಬಿಟ್ಟಿದ್ದರೆ, ಅದೇ ಆಡಿಯೊ, ಅದೇ ಐಎಸ್‌ಆರ್‌ಸಿ ಕೊಟ್ಟು ಆಲ್ಬಮ್ಮಿಗೆ ಸೇರಿಸಿ. ಆಗ ಹಳೆಯ ಕೇಳುಗರ ಎಣಿಕೆ ಜೊತೆಗೆ ಬರುತ್ತದೆ. ಸಾಹಿತ್ಯದ ಭಾಷೆ ಕನ್ನಡ ಎಂದೇ ಗುರುತಿಸಿ. ಮುಖಪುಟ 3000×3000 ಪಿಕ್ಸೆಲ್; ಅದರ ಮೇಲೆ ಫೋನ್ ನಂಬರ್, ವೆಬ್ ವಿಳಾಸ, ಯೂಟ್ಯೂಬ್ ಲೋಗೊ ಇದ್ದರೆ ತಿರಸ್ಕೃತವಾಗುತ್ತದೆ.

ನಿಮ್ಮ ಆಡಿಯೊ ಬಳಸಿದ ವಿಡಿಯೊಗಳನ್ನು ತಾನೇ ಪತ್ತೆಹಚ್ಚುವ ಯೂಟ್ಯೂಬಿನ ಕಂಟೆಂಟ್ ಐಡಿ ಆಯ್ಕೆಗೆ ಟಿಕ್ ಹಾಕುವ ಮೊದಲು ಯೋಚಿಸಿ. ಎಲ್ಲರಿಗೂ ಸಿಗುವ ರೆಡಿಮೇಡ್ ಲೂಪ್ (ಮತ್ತೆ ಮತ್ತೆ ಓಡಿಸುವ ವಾದ್ಯದ ತುಣುಕು) ಬಳಸಿದ್ದರೆ, ಅದೇ ಲೂಪ್ ಬಳಸಿದ ಬೇರೆಯವರ ವಿಡಿಯೊಗಳ ಮೇಲೆ ನಿಮ್ಮ ಹೆಸರಿನಲ್ಲಿ ಹಕ್ಕಿನ ತಕರಾರು ಬೀಳುತ್ತದೆ.

ಬಿಡುಗಡೆಗೆ ನಾಲ್ಕು ವಾರ ಮೊದಲೇ ಕಡತ ಕಳಿಸಿ. ಸ್ಪಾಟಿಫೈ ಸಂಪಾದಕರಿಗೆ ಒಂದು ಹಾಡನ್ನು ಶಿಫಾರಸು ಮಾಡಲು ಕನಿಷ್ಠ ಏಳು ದಿನ ಉಳಿದಿರಬೇಕು, ಬಿಡುಗಡೆಯಾದ ಮೇಲೆ ಅದಕ್ಕೆ ಅವಕಾಶವಿಲ್ಲ.

ದುಡ್ಡಿನ ಮಾತು. ಹಿಂದಿನ 12 ತಿಂಗಳಲ್ಲಿ 1,000 ಸಲ ಕೇಳಿಸದ ಹಾಡಿಗೆ ಸ್ಪಾಟಿಫೈ 2024ರಿಂದ ರೆಕಾರ್ಡಿಂಗ್ ರಾಯಧನ ಕೊಡುತ್ತಿಲ್ಲ. ಅಮೆರಿಕದ ಡಿಸ್ಟ್ರಿಬ್ಯೂಟರ್ ಆದರೆ ಪ್ಯಾನ್ ಸಂಖ್ಯೆ ಹಾಕಿ ಡಬ್ಲ್ಯು-8 ಬೆನ್ ಎಂಬ ಅಮೆರಿಕದ ತೆರಿಗೆ ಫಾರಂ ತುಂಬಿ. ಅಲ್ಲಿನ ಗಳಿಕೆಯ ಮೇಲೆ ಶೇ 30ರ ಬದಲು ಶೇ 15 ತೆರಿಗೆ ಕಡಿತವಾಗುತ್ತದೆ. ಸಾಹಿತ್ಯ, ಸಂಗೀತ ನಿಮ್ಮದೇ ಆಗಿದ್ದರೆ ಕವಿ, ಸಂಯೋಜಕರ ಪರವಾಗಿ ರಾಯಧನ ಸಂಗ್ರಹಿಸುವ ಐಪಿಆರ್‌ಎಸ್ ಸಂಸ್ಥೆಯ ಸದಸ್ಯತ್ವಕ್ಕೂ ಅರ್ಜಿ ಹಾಕಿ. ಕರ್ತೃಗಳ ರಾಯಧನ ಬರುವುದು ಡಿಸ್ಟ್ರಿಬ್ಯೂಟರ್ ಕಡೆಯಿಂದಲ್ಲ, ಆ ದಾರಿಯಿಂದ. ಕೇಳುಗರಿಗೆ ನೇರವಾಗಿ ಹಾಡು ಮಾರಲು ಬಿಡುವ ಬ್ಯಾಂಡ್‌ಕ್ಯಾಂಪ್ ತಾಣ ಡಿಜಿಟಲ್ ಮಾರಾಟದಲ್ಲಿ ಶೇ 15 ಹಿಡಿದು ಹಣವನ್ನು ಪೇಪಾಲ್ ಮೂಲಕ ಕಳಿಸುತ್ತದೆ. ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿ ನಿಲ್ಲಿಸಿರುವುದರಿಂದ ಅದು ಹೊರದೇಶದ ಕನ್ನಡಿಗರಿಗೆ ಮಾರಲು ಸರಿ. ಊರಿನ ಕೇಳುಗರಿಗಾಗಿ ಸಂಗೀತ ಕಛೇರಿಯ ಬಾಗಿಲಲ್ಲಿ ಯುಪಿಐ ಕ್ಯೂಆರ್ ಕೋಡ್ ಅಂಟಿಸಿ, ದುಡ್ಡು ಬಂದ ನಂಬರಿಗೆ ಡೌನ್‌ಲೋಡ್ ಲಿಂಕ್ ಕಳಿಸಿ.